ವಿಜಿಲಾಂಟೀಸ್ ಮೊದಲು ಓದಬೇಕೋ, ಆಮೇಲೋ?

ಪ್ರಶ್ನೆ: "ಮೈ ಹೀರೋ ಅಕಾಡೆಮಿಯಾ" ಅನಿಮೆ ಪೂರ್ತಿ ನೋಡಿದ್ದೇನೆ, ಅದರ ಮೂಲವಾದ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, ಕೂಡ ಕೊನೆಯವರೆಗೆ ಓದಿದ್ದೇನೆ. ಅದರಲ್ಲಿ ಮೇಷ್ಟ್ರಾಗಿರುವ ಐಜಾವಾ ಸರ್ ಅವರ ಹಳೆಯ ಕಥೆ ಸಿಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಅದರ ಪೂರ್ವಕಥೆ "ವಿಜಿಲಾಂಟೀಸ್" ಮಾಂಗಾ ಶುರು ಮಾಡಿದೆ. ಎರಡು ಸಂಪುಟ ಮುಗಿಯಿತು. ಮೂಲದ ನಾಯಕ ಡೆಕು ಇಲ್ಲ, ಅವನು ಓದುವ ಹೀರೋಗಳ ಶಾಲೆ ಯು.ಎ. ಇಲ್ಲ, ಗುರುತಿಲ್ಲದ ಮೂರು ಜನ ಬೀದಿ ಸುತ್ತುತ್ತಾರೆ, ಅಷ್ಟೇ. ಮುಂದುವರಿಸಲೇ, ಬಿಡಲೇ? ನನ್ನ ತಮ್ಮ ಈಗ ಮೂಲ ಕಥೆ ಶುರು ಮಾಡಬೇಕು ಅಂತಿದ್ದಾನೆ. ಇದು ಹಿಂದೆ ನಡೆದ ಕಥೆಯಾದ್ದರಿಂದ ಅವನಿಗೆ ಇದನ್ನೇ ಮೊದಲು ಕೊಡುವುದು ಸರಿಯೇ? ಮೂಲ ಲೇಖಕರೇ ಬರೆದದ್ದಲ್ಲವಲ್ಲ, ಇಲ್ಲಿ ನಡೆದದ್ದು ಲೆಕ್ಕಕ್ಕೆ ಬರುತ್ತದೆಯೇ?

ಉತ್ತರ: ನೀವು ಮುಂದುವರಿಸಿ. ತಮ್ಮನಿಗೆ ಮೊದಲು ಕೊಡಬೇಡಿ. ಲೆಕ್ಕಕ್ಕೆ ಬರುತ್ತದೆ, ಆದರೆ ಆ ಪ್ರಶ್ನೆಗೆ ನೀವು ಕೊಟ್ಟಷ್ಟು ತೂಕ ಕೊಡಬೇಕಾಗಿಲ್ಲ. ಕಾರಣಗಳನ್ನು ಬಿಡಿಸಿ ಹೇಳುತ್ತೇನೆ. ನೀವು ಮೂಲವನ್ನು ಮುಗಿಸಿರುವುದರಿಂದ ಅದರ ಗುಟ್ಟುಗಳನ್ನು ಇಲ್ಲಿ ಮುಚ್ಚಿಟ್ಟಿಲ್ಲ, ಹಾಗಾಗಿ ಈ ಉತ್ತರವನ್ನು ತಮ್ಮನಿಗೆ ತೋರಿಸಬೇಡಿ. ವಿಜಿಲಾಂಟೀಸ್‌ನ ದೊಡ್ಡ ತಿರುವುಗಳಲ್ಲಿ ಐಜಾವಾ ಭಾಗವನ್ನು ಮಾತ್ರ ಬಿಚ್ಚಿ ಹೇಳಿದ್ದೇನೆ. ಇದರ ನಾಯಕ ಕೋಯಿಚಿಯ ಶಕ್ತಿಯ ಬಗ್ಗೆ ಒಂದು ವಿಷಯವೂ ಬರುತ್ತದೆ. ಉಳಿದದ್ದು ನಿಮಗೇ.

ಮೊದಲು ಇದು ಯಾರ ಕೆಲಸ ಎನ್ನುವುದು. ಕಥೆ ಹಿದೆಯುಕಿ ಫುರುಹಾಶಿ ಅವರದು, ಚಿತ್ರ ಬೆಟ್ಟೆನ್ ಕೋರ್ಟ್ ಅವರದು. ಮೂಲದ ಕೋಹೆಯ್ ಹೊರಿಕೋಶಿ ಅವರ ಹೆಸರು ಮೂಲಕರ್ತ ಎಂದು ಪ್ರತಿ ಸಂಪುಟದ ಮೇಲೂ ಇದೆ. ಮೂಲ ಕಥೆ 2014ರ ಜುಲೈನಲ್ಲಿ "ವೀಕ್ಲಿ ಶೋನೆನ್ ಜಂಪ್" ಪತ್ರಿಕೆಯಲ್ಲಿ ಶುರುವಾಗಿ 2024ರ ಆಗಸ್ಟ್‌ನಲ್ಲಿ 430ನೇ ಅಧ್ಯಾಯಕ್ಕೆ ಮುಗಿಯಿತು. ವಿಜಿಲಾಂಟೀಸ್ 2016ರಲ್ಲಿ "ಜಂಪ್ ಗಿಗಾ"ದಲ್ಲಿ ಕಾಣಿಸಿಕೊಂಡು, ಅಲ್ಲಿಂದ "ಶೋನೆನ್ ಜಂಪ್ ಪ್ಲಸ್"ಗೆ ಹೋಗಿ, 2022ರ ಮೇ ತಿಂಗಳಲ್ಲಿ 126 ಅಧ್ಯಾಯ, 15 ಸಂಪುಟಕ್ಕೆ ನಿಂತಿತು. ಸುಮಾರು ಆರು ವರ್ಷಕ್ಕೆ 126 ಅಧ್ಯಾಯ ಎಂದರೆ ತಿಂಗಳಿಗೆ ಎರಡರ ಸರಾಸರಿ. ಈ ತಾರೀಖುಗಳನ್ನು ಸುಮ್ಮನೆ ಕೊಡುತ್ತಿಲ್ಲ. ಮೂಲ ಕಥೆಗೆ ಎರಡೇ ವರ್ಷ ವಯಸ್ಸಾಗಿದ್ದಾಗ ಇದು ಹುಟ್ಟಿತು, ಆಮೇಲೆ ಎರಡೂ ಜೊತೆಜೊತೆಗೆ ಬೆಳೆದವು. ಓದುವ ಕ್ರಮ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಕಾಲಕ್ರಮದಲ್ಲಿ ಹಿಂದಿನದು ಎಂದ ಮಾತ್ರಕ್ಕೆ ಅದನ್ನು ಮೊದಲು ಓದಬೇಕು ಎನ್ನುವುದು ಪೂರ್ವಕಥೆಗಳ ವಿಷಯದಲ್ಲಿ ತುಂಬಾ ಜನ ಬೀಳುವ ಹಳ್ಳ. ಪೂರ್ವಕಥೆ ಬರೆಯುವವನು ತನ್ನ ಓದುಗನಿಗೆ ಮುಂದೇನಾಗುತ್ತದೆ ಎಂಬುದು ಗೊತ್ತಿದೆ ಎಂದೇ ಬರೆಯುತ್ತಾನೆ. ಯಾವುದನ್ನು ವಿವರಿಸಬೇಕು, ಯಾವುದನ್ನು ಬಿಡಬೇಕು, ಯಾರ ಮುಖ ಕಂಡ ಕ್ಷಣಕ್ಕೆ ಓದುಗನ ಎದೆ ಝಲ್ಲೆನ್ನಬೇಕು ಎಂಬ ಲೆಕ್ಕಾಚಾರವೆಲ್ಲ ಆ ತಿಳಿವಳಿಕೆಯ ಮೇಲೆ ನಿಂತಿರುತ್ತದೆ. ಅಭಿಮನ್ಯು ಬದುಕಿ ಬರುವುದಿಲ್ಲ ಎಂದು ಗೊತ್ತಿದ್ದೇ ಜನ ಬೆಳಗಿನವರೆಗೆ ಚಕ್ರವ್ಯೂಹದ ಪ್ರಸಂಗಕ್ಕೆ ಕೂರುತ್ತಾರಲ್ಲ, ಇದರ ರುಚಿಯೂ ಅದೇ ಜಾತಿಯದು.

ನೀವು ಓದಿರುವ ಭಾಗದಿಂದಲೇ ಉದಾಹರಣೆ ಕೊಡುತ್ತೇನೆ. ಈ ಕಥೆ ನಡೆಯುವ ನಾರುಹಾಟಾ ಎಂಬ ಬಡಾವಣೆಯಲ್ಲಿ ಪುಂಡರನ್ನು ಕೊಲ್ಲುತ್ತ ತಿರುಗುವ "ಸ್ಟೆಂಡಾಲ್" ಎಂಬ ಮುಸುಕುಧಾರಿ ಬರುತ್ತಾನಲ್ಲ, ಅವನೇ ಮುಂದೆ "ಹೀರೋ ಕಿಲ್ಲರ್ ಸ್ಟೇನ್" ಆಗುವ ಚಿಜೋಮೆ ಅಕಾಗುರೊ. ಮೂಲವನ್ನು ಓದಿದವರಿಗೆ ಅವನ ಕತ್ತಿ ಕಂಡಾಗಲೇ ಅನುಮಾನ ಶುರುವಾಗುತ್ತದೆ, ಅವನು ಕೋಯಿಚಿಗೆ ಹೇಳುವ ಒಂದೊಂದು ಮಾತೂ ಎರಡು ಅರ್ಥದಲ್ಲಿ ಕೇಳಿಸುತ್ತದೆ. ಓದದವರಿಗೆ ಅವನು ಬಂದು ಹೋಗುವ ಇನ್ನೊಬ್ಬ ತಲೆಕೆಟ್ಟ ಕೊಲೆಗಾರ. ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಆ ಓದುಗ ಮೂಲಕ್ಕೆ ಬಂದಾಗ, ಸ್ಟೇನ್ ಯಾರು, ಅವನಿಗೆ ಏನು ಬೇಕು ಎಂದು ಹೊಸು ನಗರದ ಭಾಗ ಮೆಲ್ಲಗೆ ಕಟ್ಟುವ ಭಯ ಅವನಿಗೆ ತಾಗುವುದಿಲ್ಲ. ಎರಡು ಕಡೆಯೂ ಪೆಟ್ಟು.

ಹಾಗಾಗಿ ತಮ್ಮನಿಗೆ ನನ್ನ ಸಲಹೆ ಇದು: ಮೂಲದ 7ನೇ ಸಂಪುಟ ಮುಗಿಯುವವರೆಗೆ ವಿಜಿಲಾಂಟೀಸ್ ಮುಟ್ಟುವುದು ಬೇಡ. ಸ್ಟೇನ್ ಭಾಗ ಅಷ್ಟರಲ್ಲಿ ಮುಗಿದಿರುತ್ತದೆ. ಆಮೇಲೆ ಬೇಕಿದ್ದರೆ ಇದರ ಮೊದಲ ಕೆಲವು ಸಂಪುಟ ಓದಬಹುದು, ಅಡ್ಡಿಯಿಲ್ಲ. ಆದರೆ ಐಜಾವಾ ಅವರ ಶಾಲಾದಿನಗಳ ಭಾಗ ಬರುತ್ತಿದ್ದಂತೆ ನಿಲ್ಲಿಸಿ, ಮೂಲದ 26ನೇ ಸಂಪುಟ ಮುಗಿಸಿ ಬರಬೇಕು. ಅನಿಮೆ ನೋಡುವವನಾದರೆ ಐದನೇ ಸೀಸನ್ ಮುಗಿಸಿ ಬಂದರೆ ಸಾಕು. ಇಷ್ಟೆಲ್ಲ ಕಟ್ಟಳೆ ಬೇಡ ಅನ್ನುವುದಾದರೆ ಮೂಲ ಪೂರ್ತಿ ಮುಗಿಸಿ ಇದನ್ನು ಒಂದೇ ಪಟ್ಟಿಗೆ ಓದಲಿ. ಯಾವ ನಷ್ಟವೂ ಇಲ್ಲ.

ಈಗ ನಿಮ್ಮ ಬೇಸರದ ವಿಷಯ. ನೀವು ಐಜಾವಾ ಅವರನ್ನು ಹುಡುಕಿಕೊಂಡು ಹೋದಿರಿ, ಅಲ್ಲಿ ಸಿಕ್ಕಿದ್ದು ಕೋಯಿಚಿ ಹೈಮಾವಾರಿ. ನಿಜ ಹೇಳಬೇಕೆಂದರೆ ಈ ಪುಸ್ತಕ ಕೋಯಿಚಿಯದೇ. ಗುರುತಿನ ಮುಖಗಳ ಹಳೆಯ ಕಥೆ ಓದುಗರನ್ನು ಒಳಗೆ ಕರೆಯುವ ನೆಪ. ಇದನ್ನು ಒಪ್ಪಿಕೊಂಡು ಓದಿದವರಿಗೆ ಮಾತ್ರ ಇದು ರುಚಿಸುತ್ತದೆ.

ಕೋಯಿಚಿಗೆ 19, ಕಾಲೇಜು ಹುಡುಗ, ನಂಬರ್ ಒನ್ ಹೀರೋ ಆಲ್ ಮೈಟ್‌ನ ಹೆಸರಿನ ಟೊಪ್ಪಿಯಂಗಿ (ಹೂಡಿ) ತೊಟ್ಟು ತಿರುಗುತ್ತಾನೆ. ಡೆಕುವಿನಷ್ಟೇ ಹೀರೋ ಹುಚ್ಚು, ಡೆಕುವಿನಷ್ಟೇ ಮೃದು. ಹೀರೋ ಶಾಲೆಯ ಪ್ರವೇಶ ಪರೀಕ್ಷೆಯ ದಿನ ದಾರಿಯಲ್ಲಿ ನೀರಿಗೆ ಬಿದ್ದ ಹುಡುಗಿಯನ್ನು ಎತ್ತಲು ಹೋಗಿ ಪರೀಕ್ಷೆಯನ್ನೇ ತಪ್ಪಿಸಿಕೊಂಡವನು. ಡೆಕು ಇದೇ ಬಗೆಯ ಕೆಲಸ ಮಾಡಿದಾಗ ಅಲ್ಲಿ ಆಲ್ ಮೈಟ್ ನಿಂತು ನೋಡುತ್ತಿದ್ದ. ಕೋಯಿಚಿಯನ್ನು ನೋಡಲು ಯಾರೂ ಇರಲಿಲ್ಲ. ಒಬ್ಬನಿಗೆ ವರ ಸಿಕ್ಕಿತು, ಇನ್ನೊಬ್ಬನಿಗೆ ಒದ್ದೆ ಬಟ್ಟೆ. ಮೂಲ ಕಥೆ ಹೀರೋ ಲೈಸೆನ್ಸ್ ಸಿಕ್ಕವರದು, ಸಿಗುವವರದು. ವಿಜಿಲಾಂಟೀಸ್ ಆ ಬಾಗಿಲ ಹೊರಗೆ ಉಳಿದವರದು. ಆ ಜಗತ್ತಿನಲ್ಲಿ ಲೈಸೆನ್ಸ್ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ಕ್ವರ್ಕ್, ಅಂದರೆ ತನ್ನ ವಿಶೇಷ ಶಕ್ತಿ, ಬಳಸುವುದು ಅಪರಾಧ, ಒಳ್ಳೆಯದಕ್ಕೆ ಬಳಸಿದರೂ ಅಪರಾಧವೇ. ಮೂಲದಲ್ಲಿ ಈ ಕಾನೂನು ಆಗಾಗ ಮಾತಿಗೆ ಬಂದು ಹೋಗುತ್ತದೆ. ಇಲ್ಲಿ ಮಾತ್ರ ಅದರ ಅಡಿಯಲ್ಲಿ ದಿನ ದೂಡುವುದು ಹೇಗಿರುತ್ತದೆ ಎಂದು ಕಾಣುತ್ತದೆ: ಕಳೆದುಹೋದ ಸಾಮಾನು ಹುಡುಕಿಕೊಡುವುದು, ಕಸ ಎತ್ತುವುದು, ದಾರಿ ಕೇಳಿದವರಿಗೆ ದಾರಿ ತೋರಿಸುವುದು, ಪೊಲೀಸರನ್ನು ಕಂಡರೆ ಜಾಗ ಖಾಲಿ ಮಾಡುವುದು.

ಅವನ ಕ್ವರ್ಕ್ ನೋಡಿ. ದೇಹದ ಮೂರು ಕಡೆ ಯಾವುದಾದರೂ ಮೇಲ್ಮೈಗೆ ತಾಗಿದ್ದರೆ ಅದರ ಮೇಲೆ ಜಾರಿಕೊಂಡು ಹೋಗಬಲ್ಲ. ಶುರುವಿನಲ್ಲಿ ವೇಗ ಸೈಕಲ್ಲಿನಷ್ಟು. ನೋಡಿದವರು ನಗುವಂಥ ಶಕ್ತಿ, ನಾಲ್ಕು ಕಾಲಲ್ಲಿ ತೆವಳುವ ಹೀರೋ. ಫುರುಹಾಶಿ ಅವರ ಕುಶಲತೆ ಎಂದರೆ ಈ ಹಾಸ್ಯಾಸ್ಪದ ಶಕ್ತಿಗೆ ಹೊಸದೇನನ್ನೂ ಸೇರಿಸದೆ, ಅದರ ನಿಯಮವನ್ನೇ ಹಿಂಡಿ ಹಿಂಡಿ ಬೆಳೆಸುವುದು. ಮೂರು ಕಡೆ ತಾಗಿದ್ದರೆ ಸಾಕು ಎಂದರೆ ಗೋಡೆಯೂ ಆಗಬಹುದು. ಗೋಡೆ ಆದರೆ ಮೂಲೆಯಲ್ಲಿ ತಿರುಗುವುದು ಹೇಗೆ. ಕೈ ಮೇಲ್ಮೈಯನ್ನು ಹಿಂದಕ್ಕೆ ತಳ್ಳುತ್ತಿದ್ದರೆ, ಆ ತಳ್ಳುವ ಬಲವನ್ನು ಕೈಯಿಂದ ಬಿಟ್ಟರೆ ಏನಾದೀತು? ಸಂಪುಟದಿಂದ ಸಂಪುಟಕ್ಕೆ ಒಂದೊಂದು ಮೆಟ್ಟಿಲು. ಮುಂದೆ ಒಂದು ಕಡೆ ಅವನ ತಾಯಿಯ ಬಾಯಿಂದ ಗೊತ್ತಾಗುತ್ತದೆ: ಮಗು ನೆಲ ಬಿಟ್ಟು ತೇಲುತ್ತಿತ್ತು, ಬಿದ್ದು ಅನಾಹುತ ಮಾಡಿಕೊಂಡೀತೆಂದು ತಾಯಿಯೇ ಗದರಿ ಕೆಳಗಿಳಿಸಿ ಆ ಅಭ್ಯಾಸ ತಪ್ಪಿಸಿದ್ದಳು. ತೆವಳುವುದು ಅವನ ಶಕ್ತಿಯ ಮಿತಿಯಾಗಿರಲಿಲ್ಲ, ರೂಢಿಯಾಗಿತ್ತು. ಪಾತ್ರದ ಹಿನ್ನೆಲೆ ಎಂದರೆ ಕಣ್ಣೀರಿನ ಬಾಲ್ಯ ಎಂದೇ ತಿಳಿದವರ ನಡುವೆ, ಮನೆಯ ಗದರಿಕೆಯಷ್ಟು ಸಣ್ಣ ಕಾರಣದಿಂದ ಇಡೀ ಪಾತ್ರ ತೆರೆದುಕೊಳ್ಳುವುದು ನನಗೆ ತುಂಬಾ ಹಿಡಿಸಿದ ಜಾಗ.

ಜೊತೆಗಿರುವ ಇಬ್ಬರು: ಪಾಪ್ ಸ್ಟೆಪ್, ಅಂದರೆ ಕಜುಹೋ ಹಾನೆಯಾಮಾ, ಜಿಗಿಯುವ ಶಕ್ತಿಯಿಂದ ಕಟ್ಟಡಗಳ ಮೇಲೆಲ್ಲ ಹಾರಿ ಪರವಾನಗಿ ಇಲ್ಲದೆ ಬೀದಿಯಲ್ಲಿ ಹಾಡುವ ಹುಡುಗಿ. ನಕಲ್‌ಡಸ್ಟರ್, ಕ್ವರ್ಕೇ ಇಲ್ಲದೆ ಮುಷ್ಟಿಯಿಂದ ಕೆಲಸ ಮುಗಿಸುವ ನಡುವಯಸ್ಸಿನ ಆಸಾಮಿ. ಇವನು ಎದುರಾದವರನ್ನು ಹೊಡೆದುರುಳಿಸಿ ಬಾಯಿ ತೆರೆಸಿ ನಾಲಿಗೆ ನೋಡುತ್ತಾನೆ, ನಿಮಗೆ ನೆನಪಿರಬಹುದು. ಮೊದಲ ಓದಿಗೆ ಅದು ತಮಾಷೆ. ಕಾರಣ "ಟ್ರಿಗರ್" ಎಂಬ ಮದ್ದು. ಅದು ಕ್ವರ್ಕನ್ನು ಹತೋಟಿ ತಪ್ಪುವಷ್ಟು ಉಬ್ಬಿಸುತ್ತದೆ, ತೆಗೆದುಕೊಂಡವರ ನಾಲಿಗೆ ಕಪ್ಪಾಗುತ್ತದೆ. ಬೀದಿಯಲ್ಲಿ ಇದ್ದಕ್ಕಿದ್ದಂತೆ ಹುಟ್ಟಿಕೊಳ್ಳುವ ದಿಢೀರ್ ವಿಲನ್‌ಗಳ ಬೇರು ಅಲ್ಲಿದೆ. ಮೂಲದಲ್ಲಿ ಯಾಕುಜಾ ಎಂಬ ಜಪಾನಿ ಭೂಗತ ಗ್ಯಾಂಗಿನ ಭಾಗದಲ್ಲಿ ಕ್ವರ್ಕ್ ಉಬ್ಬಿಸುವ ಮದ್ದಿನ ಮಾತು ಬರುತ್ತದಲ್ಲ, ಆ ಎಳೆಯನ್ನು ಇಲ್ಲಿ ಬುಡದಿಂದ ಹಿಡಿದಿದ್ದಾರೆ. ನಕಲ್‌ಡಸ್ಟರ್ ಯಾರನ್ನು ಹುಡುಕುತ್ತಿದ್ದಾನೆ, ಮೊದಲು ಏನಾಗಿದ್ದ ಎಂಬುದನ್ನು ಹೇಳುವುದಿಲ್ಲ. ನಾಲಿಗೆ ನೋಡುವ ಆ ದೃಶ್ಯಗಳನ್ನು ಆ ಗುಟ್ಟು ಗೊತ್ತಾದ ಮೇಲೆ ಮತ್ತೊಮ್ಮೆ ತಿರುವಿ ನೋಡಿ, ತಮಾಷೆ ಉಳಿಯುವುದಿಲ್ಲ.

ಮೊದಲ ಸಂಪುಟಗಳು ಬಿಡಿ ಬಿಡಿಯಾಗಿರುವುದು ಒಂದು ದೋಷವೇ, ಅದನ್ನು ಮುಚ್ಚಿಡಬೇಕಿಲ್ಲ. ಅಧ್ಯಾಯಕ್ಕೊಬ್ಬ ದಿಢೀರ್ ವಿಲನ್, ಒಂದು ಹೊಡೆದಾಟ, ಒಂದು ನಗೆ, ಮುಗಿಯಿತು. ಆದರೆ ಈ ಬಿಡಿ ಅಧ್ಯಾಯಗಳಲ್ಲಿ ಬಂದುಹೋದ ಪುಂಡರು, ಅಂಗಡಿಯವರು, ಬೀದಿಯ ಜನ ಕೊನೆಯ ಭಾಗದಲ್ಲಿ ಮತ್ತೆ ಬರುತ್ತಾರೆ. ಆಗ ಇವರನ್ನು ನಾವು ಬಲ್ಲೆವು ಎನ್ನಿಸುವುದೇ ಆ ಭಾಗದ ಬಲ. ಒಂದು ಪ್ರಾಯೋಗಿಕ ಅಳತೆ ಕೊಡುತ್ತೇನೆ: ನಕಲ್‌ಡಸ್ಟರ್ ನಾರುಹಾಟಾ ಬಿಟ್ಟು ಹೋಗುವವರೆಗೆ ಓದಿ. ಅಲ್ಲಿಗೆ ಮೊದಲ ದೊಡ್ಡ ಕಥೆ ಒಂದು ಸುತ್ತು ಮುಗಿಯುತ್ತದೆ. ಅಷ್ಟಾದರೂ ಕೋಯಿಚಿಯ ಬಗ್ಗೆ ಏನೂ ಅನ್ನಿಸದಿದ್ದರೆ ಬಿಟ್ಟುಬಿಡಿ. ಐಜಾವಾ ಭಾಗಕ್ಕಾಗಿ ಮಾತ್ರ ಹಲ್ಲು ಕಚ್ಚಿಕೊಂಡು ಓದುವುದು ವ್ಯರ್ಥ. ಬೇಕಿದ್ದರೆ ಆ ಭಾಗವನ್ನೊಂದೇ ಬಿಡಿಯಾಗಿ ಓದಬಹುದು, ಹಾಗೆ ಓದಿದರೂ ಅರ್ಥವಾಗುತ್ತದೆ. ಒಟ್ಟು 126ರಲ್ಲಿ 60ರ ಆಸುಪಾಸಿನ ಅಧ್ಯಾಯಗಳು ಅವು.

ನೀವು ಕೇಳಿದ್ದೇ ಅದನ್ನಾದ್ದರಿಂದ ಅಲ್ಲಿ ಸ್ವಲ್ಪ ನಿಲ್ಲೋಣ.

ಶೋಟಾ ಐಜಾವಾ, ಹಿಜಾಶಿ ಯಾಮಾದಾ, ಓಬೊರೊ ಶಿರಾಕುಮೊ, ಮೂವರೂ ಯು.ಎ.ಯಲ್ಲಿ ಒಂದೇ ತರಗತಿ. ಯಾಮಾದಾ ಎಂದರೆ ಮುಂದಿನ ಪ್ರೆಸೆಂಟ್ ಮೈಕ್. ಮಿಡ್‌ನೈಟ್ ಇವರಿಗಿಂತ ಹಿರಿಯ ವಿದ್ಯಾರ್ಥಿನಿ. ಮೂಲದಲ್ಲಿ ನಾವು ಕಂಡ ಐಜಾವಾ ನಿದ್ದೆಗಣ್ಣಿನ, ಯಾರಿಗೂ ಸೊಪ್ಪು ಹಾಕದ ಮೇಷ್ಟ್ರು. ಇಲ್ಲಿ ಕಾಣುವವನು ತನ್ನ ಮೇಲೆ ನಂಬಿಕೆಯೇ ಇಲ್ಲದ ಹುಡುಗ. ಮಳೆಯಲ್ಲಿ ನೆನೆಯುತ್ತಿದ್ದ ಬೆಕ್ಕಿನ ಮರಿಗೆ ಕೊಡೆ ಬಿಟ್ಟು ಹೋಗುತ್ತಾನೆ, ಎತ್ತಿಕೊಂಡು ಬರುವ ಧೈರ್ಯ ಅವನಿಗಿಲ್ಲ. ಅದನ್ನು ಎತ್ತಿಕೊಂಡು ಶಾಲೆಗೆ ತರುವವನು ಶಿರಾಕುಮೊ. ಇಬ್ಬರ ಸ್ವಭಾವವೂ ಈ ಒಂದು ಘಟನೆಯಲ್ಲಿ ಬಂದುಬಿಟ್ಟಿದೆ, ಬೇರೆ ವಿವರಣೆ ಬೇಕಾಗಿಲ್ಲ. ಐಜಾವಾ ಕಣ್ಣಿಗೆ ಹಾಕುವ ಆ ಗಾಗಲ್ಸ್ ಕೊಟ್ಟವನೂ ಶಿರಾಕುಮೊ, ಯಾರ ಕಡೆ ನೋಡುತ್ತಿದ್ದೀಯ ಎಂದು ಎದುರಾಳಿಗೆ ಗೊತ್ತಾಗಬಾರದು ಎಂದು. ಮೂಲದ ಮೊದಲ ಸಂಪುಟಗಳಿಂದ ನಾವು ನೋಡುತ್ತಲೇ ಬಂದ ವಸ್ತು ಅದು. ಮೂವರೂ ಸೇರಿ ಮುಂದೆ ಒಂದು ಹೀರೋ ಕಚೇರಿ ತೆರೆಯೋಣ ಎಂದು ಮಾತಾಡಿಕೊಂಡಿರುತ್ತಾರೆ.

ಆಮೇಲೆ ಆ ದಿನ. ನಗರದಲ್ಲಿ ದೈತ್ಯ ವಿಲನ್ ಒಬ್ಬನ ದಾಳಿ, ಕಟ್ಟಡ ಕುಸಿಯುತ್ತದೆ, ಮಕ್ಕಳನ್ನು ಕಾಪಾಡಲು ಹೋದ ಶಿರಾಕುಮೊ ಅವಶೇಷಗಳ ಅಡಿಯಾಗುತ್ತಾನೆ. ಐಜಾವಾ ಒಬ್ಬನೇ ಹೋರಾಡುತ್ತಾನೆ. ಹೋರಾಡುವಷ್ಟು ಹೊತ್ತೂ ಅವನ ಕಿವಿಗೆ ಸ್ಪೀಕರಿನಿಂದ ಶಿರಾಕುಮೊನ ಧ್ವನಿ ಬೀಳುತ್ತಿರುತ್ತದೆ, ಹುರಿದುಂಬಿಸುತ್ತಿರುತ್ತದೆ. ಆ ಧ್ವನಿ ನಿಜವಾಗಿ ಬಂದಿತ್ತೇ ಎಂಬುದನ್ನು ಕಥೆ ಅನುಮಾನದಲ್ಲೇ ಬಿಡುತ್ತದೆ. ಬೆಟ್ಟೆನ್ ಕೋರ್ಟ್ ಇಲ್ಲಿ ಅಬ್ಬರಕ್ಕೆ ಹೋಗಿಲ್ಲ, ಆ ಸಂಯಮ ಕೆಲಸ ಮಾಡಿದೆ.

ಶಿರಾಕುಮೊನ ಈ ಕಥೆ ವಿಜಿಲಾಂಟೀಸ್‌ನಲ್ಲಿ ಮೊದಲು ಬಂತು. ಅವನ ದೇಹದಿಂದಲೇ ವಿಲನ್‌ಗಳ ಕಡೆಯ ಕುರೊಗಿರಿ ತಯಾರಾದ ಎಂದು ಮೂಲ ಕಥೆ ಹೇಳಿದ್ದು ಅದರ ನಂತರ, 253ನೇ ಅಧ್ಯಾಯದಿಂದ ಶುರುವಾಗುವ ಜೈಲಿನ ಭಾಗದಲ್ಲಿ. ಆಗ ಬಿಡುಗಡೆಯಾದ ಹಾಗೇ ಎರಡನ್ನೂ ಓದುತ್ತಿದ್ದವರಿಗೆ ತಾವು ಆಗಷ್ಟೇ ಇಷ್ಟಪಟ್ಟ ಹುಡುಗ ಮೂಲದ ಮೊದಲ ಸಂಪುಟಗಳಿಂದಲೂ ಎದುರಿಗೇ ಇದ್ದ ಎಂಬ ಆಘಾತ ಸಿಕ್ಕಿತು. ಆ ಅನುಭವ ಈಗ ಯಾರಿಗೂ ಹಾಗೇ ಸಿಗುವುದಿಲ್ಲ. ಅನಿಮೆಯ ಐದನೇ ಸೀಸನ್ ಆ ಜೈಲಿನ ಕಂತಿಗೆ ಇಲ್ಲಿನ ಕೆಲವು ದೃಶ್ಯಗಳನ್ನು ಎರವಲು ತಂದು ಸೇರಿಸಿದ್ದರಿಂದ ನಿಮಗೆ ಸಾರಾಂಶ ಆಗಲೇ ಗೊತ್ತು. ಅದಕ್ಕೇ ನಿಮಗೆ ಒಂದು ಬೇರೆ ಕ್ರಮ: ಈ ಭಾಗ ಓದಿ ಮುಗಿಸಿದ ಕೂಡಲೇ ಮೂಲದ 253ರಿಂದ 255ರವರೆಗಿನ ಮೂರು ಅಧ್ಯಾಯ ಮತ್ತೆ ತೆರೆಯಿರಿ. ಐಜಾವಾ ಗಾಜಿನ ಆಚೆಗಿರುವ ಕುರೊಗಿರಿಯ ಜೊತೆ ಮಾತಾಡುವಾಗ ಅವರ ಕಣ್ಣು ಒಣಗುವುದೋ, ನೀರಾಗುವುದೋ ಎಂಬ ಆ ಗೊಂದಲ ಆಗ ಬೇರೆಯೇ ಆಗಿ ಕಾಣುತ್ತದೆ.

ಲೆಕ್ಕಕ್ಕೆ ಬರುತ್ತದೆಯೇ ಎಂಬ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿಲ್ಲ. ಪಕ್ಕದ ಕಥೆಯ ಒಬ್ಬ ಹುಡುಗ ಮೂಲ ಕಥೆಯ ಬೆನ್ನುಮೂಳೆಗೆ ಹೋಗಿ ಸೇರಿಕೊಂಡ. ಎಲ್ಲ ಸ್ಪಿನ್-ಆಫ್‌ಗಳಿಗೂ ಈ ಭಾಗ್ಯ ಇಲ್ಲ. ಇನ್ನೊಂದು ತುದಿಯ ಉದಾಹರಣೆ "ಸೇಂಟ್ ಸೇಯಾ". ಅದರಲ್ಲಿ 18ನೇ ಶತಮಾನದ ಪವಿತ್ರ ಯುದ್ಧದ ಪೂರ್ವಕಥೆಯನ್ನು 2006ರಲ್ಲಿ ಇಬ್ಬರು ಶುರು ಮಾಡಿದರು: ಮೂಲಕರ್ತ ಮಸಾಮಿ ಕುರುಮಾದಾ ತಾವೇ "ನೆಕ್ಸ್ಟ್ ಡೈಮೆನ್ಶನ್" ಹೆಸರಿನಲ್ಲಿ, ಶಿಯೋರಿ ತೆಶಿರೋಗಿ "ದ ಲಾಸ್ಟ್ ಕ್ಯಾನ್ವಾಸ್" ಹೆಸರಿನಲ್ಲಿ. ಎರಡರಲ್ಲೂ ಪೆಗಾಸಸ್ ಯೋಧ ತೆನ್ಮಾ, ಅದೇ ಯುದ್ಧ. ಆದರೆ ಕಥೆ ಎರಡು ದಾರಿ ಹಿಡಿಯಿತು, ಒಂದರ ಘಟನೆ ಇನ್ನೊಂದಕ್ಕೆ ಹೊಂದುವುದಿಲ್ಲ. ತೆಶಿರೋಗಿ ಅವರದು 2011ರಲ್ಲಿ 25 ಸಂಪುಟಕ್ಕೆ ಮುಗಿಯಿತು, ಮೂಲಕರ್ತರದು 2024ರವರೆಗೆ ಎಳೆಯಿತು. ಲೆಕ್ಕದ ಮಾತಿಗೆ ಬಂದರೆ ಕುರುಮಾದಾ ಅವರದೇ ಅಧಿಕೃತ. ಓದುವ ಸುಖದ ಮಾತಿಗೆ ಬಂದರೆ ಹೆಚ್ಚು ಜನ ಲಾಸ್ಟ್ ಕ್ಯಾನ್ವಾಸ್ ಕಡೆಗೇ ಕೈ ತೋರಿಸುತ್ತಾರೆ, ನಾನೂ ಅದೇ ಗುಂಪು. ಮೂಲ ಲೇಖಕರದಲ್ಲ ಎಂಬ ಕಾರಣಕ್ಕೆ ಒಂದು ಪೂರ್ವಕಥೆಯನ್ನು ಬದಿಗಿಡಬಾರದು ಎನ್ನುವುದು ಇದಕ್ಕೇ.

"ಅಟ್ಯಾಕ್ ಆನ್ ಟೈಟನ್: ನೋ ರಿಗ್ರೆಟ್ಸ್" ನಡುವಿನ ದಾರಿ. ಲೆವಿ ಸೈನ್ಯಕ್ಕೆ ಸೇರುವ ಮೊದಲು ನೆಲದಡಿಯ ನಗರದಲ್ಲಿ ಹೇಗಿದ್ದ ಎಂಬುದನ್ನು ಎರಡೇ ಸಂಪುಟದಲ್ಲಿ ಹೇಳುತ್ತದೆ. ಅದು ಮುಗಿದ ಮೇಲೆ ಮೂಲ ಲೇಖಕರು 69ನೇ ಅಧ್ಯಾಯದಲ್ಲಿ ಅದಕ್ಕೂ ಹಿಂದಕ್ಕೆ ಹೋಗಿ ಲೆವಿಯ ತಾಯಿಯ, ಕೆನ್ನಿಯ ಕಥೆ ಬರೆದರು. ನಿಮಗೆ ಹಿನ್ನೆಲೆಯ ಕಥೆಗಳ ಮೇಲೇ ಆಸೆಯಾದರೆ, 15 ಸಂಪುಟದ ಗೋಜಿಲ್ಲದೆ ಒಂದು ಸಂಜೆಗೆ ಮುಗಿಯುವ ಓದು ಅದು. ಎರಡೇ ಸಂಪುಟವಾದ್ದರಿಂದ ಹೊಸ ಪಾತ್ರಗಳು ಮನಸ್ಸಲ್ಲಿ ಇಳಿಯುವ ಮೊದಲೇ ಮುಗಿದುಹೋಗುತ್ತವೆ ಎನ್ನುವುದು ಅದರ ಕೊರತೆ. ವಿಜಿಲಾಂಟೀಸ್‌ಗೆ ಇರುವ ಉದ್ದ ಅದಕ್ಕಿಲ್ಲ.

ವಿಜಿಲಾಂಟೀಸ್‌ನಲ್ಲಿ ಉಳಿದ ಗುರುತಿನ ಮುಖಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ತೆನ್ಸೆಯ್ ಇಡಾ, ಅಂದರೆ ಡೆಕುವಿನ ಸಹಪಾಠಿ ಇಡಾನ ಅಣ್ಣ, ಹೀರೋ ಇಂಜೀನಿಯಂ, ತನ್ನ ತಂಡದ ಜೊತೆ ಆರೋಗ್ಯವಾಗಿ ಓಡಾಡುತ್ತಾನೆ. ಸ್ಟೇನ್ ಮುಂದೆ ಅವನನ್ನು ಏನು ಮಾಡುತ್ತಾನೆ ಎಂದು ನಿಮಗೆ ಗೊತ್ತು, ಇಬ್ಬರೂ ಒಂದೇ ಪುಸ್ತಕದಲ್ಲಿದ್ದಾರೆ. ಪತ್ತೇದಾರ ತ್ಸುಕಾಉಚಿಗೆ ಇಲ್ಲಿ ಮಾಕೊತೊ ಎಂಬ ತಂಗಿ ಇದ್ದಾಳೆ, ಅವಳು ಒಳ್ಳೆಯ ಪಾತ್ರ. ಅಮೆರಿಕದಿಂದ ಬರುವ ಕ್ಯಾಪ್ಟನ್ ಸೆಲೆಬ್ರಿಟಿಯನ್ನು ಮೊದಲು ಕಂಡಾಗ ಬಾಯಿಬಡುಕ ಎಂದು ಬಿಡಬೇಡಿ. ಮೂಲದಲ್ಲಿ ಇಲ್ಲದ ಪಾತ್ರಗಳಲ್ಲಿ ಅತಿ ಹೆಚ್ಚು ಬದಲಾಗುವವನು ಅವನೇ. ಆಲ್ ಮೈಟ್, ಎಂಡೆವರ್, ಫ್ಯಾಟ್‌ಗಮ್ ಬರುತ್ತಾರೆ, ಹೋಗುತ್ತಾರೆ, ಅವರಿಗಾಗಿ ಕಾಯಬೇಡಿ.

ಕೊನೆಯ ಭಾಗದ ಬಗ್ಗೆ ಒಂದು ಎಚ್ಚರಿಕೆ. ಕೊನೆಯ ಕಾಳಗ ಉದ್ದ, ನನ್ನ ಅಳತೆಗೆ ಅತಿ ಉದ್ದ, ಹಲವು ಸಂಪುಟ ಹಿಡಿಯುತ್ತದೆ. ತಿಂಗಳಿಗೆ ಎರಡು ಅಧ್ಯಾಯದಂತೆ ಓದಿದವರಿಗೆ ಇದು ಮುಗಿಯದ ರಗಳೆ ಅನ್ನಿಸಿತ್ತು. ಒಟ್ಟಿಗೆ ಓದಿದರೆ ಅಷ್ಟು ಬಾಧಿಸುವುದಿಲ್ಲ. ಹಾಗಾಗಿ ಆ ಕಾಳಗ ಶುರುವಾದ ಮೇಲೆ ದಿನಕ್ಕೊಂದು ಅಧ್ಯಾಯದ ಹಾಗೆ ಹನಿಸಬೇಡಿ, ರಜೆಯ ದಿನ ನೋಡಿ ಕೂತು ಮುಗಿಸಿ. ಒಂದು ಸಂಪುಟಕ್ಕೆ ಮುಕ್ಕಾಲರಿಂದ ಒಂದು ಗಂಟೆ ಸಾಕು.

ಇಂಥ ಪುಸ್ತಕ ಓದುವಾಗ ಕಣ್ಣಿಗೆ ರೂಢಿಯಾಗಬೇಕಾದ ಒಂದು ಗುರುತು ಇದೆ. ಮಾಂಗಾದಲ್ಲಿ ಚೌಕಟ್ಟುಗಳ ನಡುವಿನ ಜಾಗ, ಪುಟದ ಅಂಚು ಸಾಮಾನ್ಯವಾಗಿ ಬಿಳಿ. ಅದು ಕಪ್ಪಾಯಿತೆಂದರೆ ಕಥೆ ಹಿಂದಕ್ಕೆ ಹೋಗಿದೆ ಎಂದರ್ಥ. ಬಿಳಿಗೆ ಮರಳಿದರೆ ವರ್ತಮಾನಕ್ಕೆ ಬಂದೆವು. ಎಲ್ಲ ಲೇಖಕರೂ ಕಡ್ಡಾಯವಾಗಿ ಪಾಲಿಸುವ ನಿಯಮವಲ್ಲ, ಆದರೂ ವ್ಯಾಪಕ ರೂಢಿ. ಪೂರ್ವಕಥೆಯ ಒಳಗೇ ಇನ್ನೂ ಹಿಂದಿನ ಕಥೆ ಬರುವ ಇಂಥ ಪುಸ್ತಕದಲ್ಲಿ ಇದನ್ನು ಗಮನಿಸದೆ ಓದಿದರೆ ಯಾವುದು ಯಾವಾಗ ನಡೆಯಿತು ಎಂದು ತಲೆ ಕೆಡುತ್ತದೆ. ತಮ್ಮನಿಗೆ ಬಲದಿಂದ ಎಡಕ್ಕೆ ಓದುವುದನ್ನು ಹೇಳಿಕೊಡುವಾಗ ಇದನ್ನೂ ಹೇಳಿಕೊಡಿ. ಫೋನಿನಲ್ಲಿ ಓದುವವರಿಗೆ ಇದು ಬೇಗ ತಪ್ಪಿಹೋಗುತ್ತದೆ, ಏಕೆಂದರೆ ಚೌಕಟ್ಟನ್ನು ದೊಡ್ಡದು ಮಾಡಿ ನೋಡಿದಾಗ ಅಂಚು ಪರದೆಯ ಹೊರಗೆ ಹೋಗಿರುತ್ತದೆ. ಒಮ್ಮೆ ಪೂರ್ತಿ ಪುಟ ನೋಡಿ, ಆಮೇಲೆ ಹಿಗ್ಗಿಸಿಕೊಳ್ಳುವುದು ಒಳ್ಳೆಯದು.

ಅನಿಮೆ ನೋಡಿದರೆ ಸಾಲದೇ ಎಂದು ಮುಂದಿನ ಪ್ರಶ್ನೆ ಬಂದೀತು. ಬೋನ್ಸ್ ಫಿಲ್ಮ್ ತಯಾರಿಸಿದ ಅನಿಮೆ 2025ರ ಏಪ್ರಿಲ್‌ನಲ್ಲಿ ಶುರುವಾಗಿ 13 ಕಂತು ಬಂತು, ಎರಡನೇ ಸೀಸನ್ 2026ರ ಜನವರಿಯಲ್ಲಿ ಆರಂಭವಾಯಿತು. ಕೋಯಿಚಿ ಜಾರುವುದನ್ನು ಚಲನೆಯಲ್ಲಿ ನೋಡುವ ಮಜಾ ಪುಸ್ತಕದಲ್ಲಿ ಇಲ್ಲ, ಅದನ್ನು ಒಪ್ಪುತ್ತೇನೆ. ನಿಮಗೆ ಎರಡು ಸಂಪುಟದಲ್ಲಿ ಬೇಸರ ಬಂದಿರುವುದರಿಂದ, ಮೊದಲ ಸೀಸನ್ ನೋಡಿ ಆ ಬಿಡಿ ಅಧ್ಯಾಯಗಳ ಹರವನ್ನು ದಾಟಿಕೊಂಡು ಆಮೇಲೆ ಪುಸ್ತಕಕ್ಕೆ ಮರಳುವುದು ಒಳ್ಳೆಯ ಉಪಾಯ.

ಪುಸ್ತಕ ಕೊಳ್ಳುವಾಗ ಹೆಸರು ಸರಿಯಾಗಿ ನೋಡಿ. "ಟೀಮ್-ಅಪ್ ಮಿಷನ್ಸ್" ಎಂಬುದೂ ಅದೇ ಕಪಾಟಿನಲ್ಲಿ ಇರುತ್ತದೆ. ಅದು ವಿದ್ಯಾರ್ಥಿಗಳ ಬಿಡಿ ಸಾಹಸಗಳು, ಪೂರ್ವಕಥೆ ಅಲ್ಲ. "ಸ್ಮ್ಯಾಶ್" ಎಂಬುದು ಬರೀ ನಗೆ. ಇಂಗ್ಲಿಷ್ ಆವೃತ್ತಿ ವಿಜ್ ಮೀಡಿಯಾದ್ದು, 15 ಸಂಪುಟವೂ ಬಂದಿವೆ. ವಿಜ್‌ನ ಶೋನೆನ್ ಜಂಪ್ ಆ್ಯಪ್ ಭಾರತದಲ್ಲೂ ಸಿಗುತ್ತದೆ. ಚಂದಾ ಕಟ್ಟಿದರೆ ಹಳೆಯ ಅಧ್ಯಾಯಗಳೂ ತೆರೆಯುತ್ತವೆ, 15 ಪುಸ್ತಕ ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ. ಓದಿ ನೋಡಿ ಹಿಡಿಸಿದ ಮೇಲೆ ಪುಸ್ತಕ ಕೊಂಡರೆ ಸಾಕು.

ಬೀದಿ ಬದಿಯಲ್ಲೋ ಆನ್‌ಲೈನಲ್ಲೋ ಅರ್ಧ ಬೆಲೆಗೆ ಹೊಸ ಸೆಟ್ ಎಂದು ಸಿಕ್ಕರೆ ಅನುಮಾನ ಪಡಿ, ನಕಲಿ ಮುದ್ರಣಗಳು ನಮ್ಮಲ್ಲಿ ಬೇಕಾದಷ್ಟಿವೆ. ಗುರುತು ಹಿಡಿಯಲು ಬೂದು ಬಣ್ಣ ಇರುವ ಜಾಗ ನೋಡಿ, ಆಕಾಶ, ನೆರಳು, ಬಟ್ಟೆಯ ಮಡಿಕೆ. ಮಾಂಗಾದಲ್ಲಿ ಬೂದು ಎಂಬುದು ನಿಜಕ್ಕೂ ಬೂದಲ್ಲ, ಸಣ್ಣ ಸಣ್ಣ ಕಪ್ಪು ಚುಕ್ಕೆಗಳ ಹಾಸು. ಮುದ್ರಿತ ಪುಟವನ್ನೇ ಸ್ಕ್ಯಾನ್ ಮಾಡಿ ಮತ್ತೆ ಮುದ್ರಿಸಿದಾಗ ಆ ಚುಕ್ಕೆಗಳ ಸಾಲಿಗೂ ಸ್ಕ್ಯಾನರಿನ ಸಾಲಿಗೂ ತಾಳ ತಪ್ಪಿ, ಬೂದಿನ ಮೇಲೆ ಅಲೆ ಅಲೆಯಾದ ಪಟ್ಟೆಗಳು ಏಳುತ್ತವೆ. ಅಚ್ಚುಕಟ್ಟಾದ ಕಪ್ಪು ಮಾಸಿ ಬೂದಿಯಂತೆ ಕಾಣುವುದು, ಬೆನ್ನಿನ ಮೇಲಿನ ಹೆಸರು ಒಂದು ಸಂಪುಟದಿಂದ ಇನ್ನೊಂದಕ್ಕೆ ಮೇಲೆ ಕೆಳಗೆ ಆಗಿರುವುದು, ಪುಟದಂಚಿನ ಮಾತಿನ ಗುಳ್ಳೆ ಅರ್ಧ ಕತ್ತರಿಸಿರುವುದು, ಇವೂ ಲಕ್ಷಣಗಳೇ. ಕಪ್ಪು ಅಂಚಿನ ಪುಟಗಳಲ್ಲಿ ನಕಲಿ ಬೇಗ ಸಿಕ್ಕಿಬೀಳುತ್ತದೆ: ಶಾಯಿ ಸಮನಾಗಿ ಕೂತಿರುವುದಿಲ್ಲ, ಹಿಂದಿನ ಪುಟಕ್ಕೆ ಇಣುಕಿರುತ್ತದೆ. ಅಂಗಡಿಯಲ್ಲಿ ಪುಸ್ತಕ ಕೈಗೆ ಸಿಕ್ಕರೆ ನೇರವಾಗಿ ಆ ಪುಟಗಳನ್ನೇ ತೆಗೆದು ಬೆಳಕಿಗೆ ಹಿಡಿಯಿರಿ.